ದೇವರ ಜಗಲಿಯ ಹೊಗೆ

ಮೊನ್ನೆ ಭಾಲ್ಕಿಯಲ್ಲಿ ಸಂಬಂಧಿಕರ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆ. ಚಳಿ ಎಂದು ಒಳಮನೆಯ ಕಿಟಕಿ ಮುಚ್ಚಿದ್ದರು. ತೊಟ್ಟಿಲ ಪಕ್ಕದಲ್ಲಿ ಕೆಂಡದ ಮೇಲೆ ಲೋಬಾನ ಹಾಕಿದ್ದರು. ಅದರ ಹೊಗೆ ಮೂಗಿಗೆ ತಾಗಿದ್ದೇ ತಡ, ನಾನು ಎದ್ದು ಹೋಗಿ ಕಿಟಕಿ ತೆರೆದೆ. ಬೇರೆಯವರ ಮನೆ, ಬೇರೆಯವರ ಕಿಟಕಿ. ಕೂಸಿನ ಅಜ್ಜಿ ನನ್ನ ಮುಖ ನೋಡಿದರು.

"ಕೂಸಿಗಿ ಥಂಡಿ ಹತ್ತತದವ್ವ, ಮುಚ್ಚು."

"ಧೂಪ ಆರೋ ತನಕರ ತೆರದಿರ್ಲಿ ಬಿಡ್ರಿ."

"ಧೂಪದಿಂದ ಏನಾಗ್ತದ? ಕೆಟ್ಟ ದೃಷ್ಟಿ ಹೋಗ್ತದ, ಹುಳಹುಪ್ಪಡಿ ಹೋಗ್ತಾವ. ನೀನೇ ಅಷ್ಟು ಪೂಜಿ ಮಾಡಾಕಿ, ನಿನಗ ತಿಳೀದೇನು?"

ನನಗೆ ತಿಳಿಯದೆ ಇದ್ದ ಒಂದು ಚಳಿಗಾಲವಿತ್ತು. ಅದನ್ನು ಬರೆದಿಡಬೇಕು ಎಂದು ಆ ಕಿಟಕಿಯ ಹತ್ತಿರ ನಿಂತಾಗಲೇ ಅನಿಸಿತು. ಬರೆಯುವಾಗ ಅಳು ಬಂದೀತು ಎಂದುಕೊಂಡಿದ್ದೆ. ಬರಲಿಲ್ಲ. ಅದೂ ದೇವರ ದಯೆ ಎಂದೇ ತಿಳಿದು ಬರೆಯುತ್ತಿದ್ದೇನೆ.

ಅದು ಮೂರು ವರ್ಷದ ಹಿಂದಿನ ಮಾತು. ನಮ್ಮ ಮನೆ ಬೀದರಿನ ನೌಬಾದದಲ್ಲಿ. ನಮ್ಮ ಮನೆಯವರು ಪಕ್ಕದ ಕೊಳಾರದ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದಾರೆ, ಬೆಳಿಗ್ಗೆ ಸ್ಕೂಟರಿನಲ್ಲಿ ಹೋದರೆ ಸಂಜೆಗೇ ಬರುವುದು. ಆ ವರ್ಷ ಅವರ ಅಕ್ಕ, ಮಹಾನಂದಕ್ಕ, ನಮ್ಮಲ್ಲಿಗೆ ಇರಲು ಬಂದರು. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡವರು. ಭಾಲ್ಕಿಯಲ್ಲಿ ಅಂಗನವಾಡಿ ನಡೆಸುತ್ತ, ಒಂದೇ ಕೋಣೆಯಲ್ಲಿ ಆಯುಷ್ಯವೆಲ್ಲ ತೆಗೆದವರು. ಯಾರ ಮನೆಯಲ್ಲೂ ಎರಡು ರಾತ್ರಿಗಿಂತ ಹೆಚ್ಚು ಉಳಿದವರಲ್ಲ. ದಮ್ಮು ಅವರಿಗೆ ಹಳೆಯದು. ಭಾಲ್ಕಿಯ ಸುತ್ತ ಕಬ್ಬು ಹೆಚ್ಚು. ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಗರಿಗೆ, ನಾವು ರವದಿ ಎನ್ನುತ್ತೇವೆ, ಬೆಂಕಿ ಹಚ್ಚುತ್ತಾರೆ. ಆ ಹೊಗೆಗೆ ಉಸಿರು ಕಟ್ಟುತ್ತದೆ, ಬೀದರಿನಲ್ಲಿ ದವಾಖಾನೆಯೂ ಹತ್ತಿರ ಎಂದು ನಮ್ಮ ಮನೆಯವರೇ ಹೋಗಿ ಹಟ ಹಿಡಿದು ಕರೆತಂದರು.

ನಮ್ಮದು ಎರಡೇ ಕೋಣೆ. ನಡುಮನೆಯ ಮೂಲೆಯಲ್ಲಿ ದೇವರ ಜಗಲಿ. ಅದರ ಎದುರಿಗೇ ಅಕ್ಕನ ಮಂಚ ಹಾಕಿದೆ. ಅಲ್ಲಿ ಬೆಚ್ಚಗಿರುತ್ತದೆ, ಕಣ್ಣು ತೆರೆದರೆ ದೇವರು ಕಾಣುತ್ತಾನೆ ಎಂದು ನನ್ನ ಲೆಕ್ಕ. ಅಕ್ಕ ದೇವರನ್ನು ಬೈದವರಲ್ಲ, ಕರೆದವರೂ ಅಲ್ಲ. ನಾನು ಲಿಂಗಪೂಜೆ ಮುಗಿಸಿ, ತೆಂಗಿನ ಚಿಪ್ಪಿನ ಕೆಂಡಕ್ಕೆ ಗುಗ್ಗುಳ, ಲೋಬಾನ ಹಾಕಿ ಧೂಪಾರತಿ ಹಿಡಿದು ಮೂಲೆಮೂಲೆಗೆ ತೋರಿಸುತ್ತ ಬಂದರೆ, ಮಂಚದ ಮೇಲಿಂದ ಅವರದೊಂದು ಮಾತು ಇದ್ದೇ ಇರುತ್ತಿತ್ತು.

"ಸುವರ್ಣಾ, ಒಂದಿನ ನಿನ್ನ ದೇವ್ರಿಗೇ ಕೆಮ್ಮು ಹತ್ತತದ ನೋಡು."

"ದೇವ್ರಿಗಿ ಹತ್ತಲ್ರಿ ಅಕ್ಕಾ, ಚ್ಯಾಷ್ಟಿ ಮಾಡೋರಿಗಿ ಹತ್ತತದ."

ಇಬ್ಬರೂ ನಗುತ್ತಿದ್ದೆವು. ನಕ್ಕ ಮೇಲೆ ಅವರು ಕೆಮ್ಮುತ್ತಿದ್ದರು. ನಾನು ನೀರು ಕೊಡುತ್ತಿದ್ದೆ.

ದೀಪಾವಳಿ ಮುಗಿದ ಮೇಲೆ ಗಾಳಿ ನಿಂತಿತು. ಬೀದರ ಎತ್ತರದ ಮೇಲಿನ ಊರು, ಗಾಳಿಗೆ ಇಲ್ಲಿ ಬರವಿಲ್ಲ. ಆ ವರ್ಷ ಮಾತ್ರ ಮಾಳಿಗೆಯ ಮೇಲೆ ಒಣಹಾಕಿದ ಸೀರೆ ದಿನವಿಡೀ ಅಲ್ಲಾಡದೆ ನೇತಾಡುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಎದುರಿನ ರಸ್ತೆಯೇ ಇಲ್ಲ. ಬೀದಿದೀಪಗಳು ಹಳದಿ ಚುಕ್ಕೆಯಂತೆ ಕಾಣುತ್ತಿದ್ದವು. ಪೂಜೆಗೆ ಬಿಲ್ವಪತ್ರೆ ತೊಳೆದರೆ ಬಟ್ಟಲಿನ ನೀರು ಕಪ್ಪಾಗುತ್ತಿತ್ತು. ನಾನು ಅದನ್ನು ಮಂಜು ಎಂದುಕೊಂಡೆ.

ಪಕ್ಕದ ಮನೆಯ ನಸೀಮಾ ಆಪಾ ಸರಕಾರಿ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಅವರ ಮಾಳಿಗೆಗೂ ನಮ್ಮದಕ್ಕೂ ನಡುವೆ ಸೊಂಟದೆತ್ತರದ ಗೋಡೆ. ಒಂದು ಬೆಳಿಗ್ಗೆ ಬಟ್ಟೆ ಹಾಕಲು ಹೋದಾಗ ಅವರೂ ಬಂದಿದ್ದರು.

"ಎಂಥಾ ಮಂಜು ಬಿದ್ದದ ನೋಡ್ರಿ ಆಪಾ, ನಮ್ಮ ಬೀದರ ಊಟಿ ಆಗ್ಯಾದ."

"ಊಟಿ ಮಂಜಿಗಿ ಕಣ್ಣು ಉರೀತಾವೇನು? ನಾಲಗಿಗಿ ರುಚಿ ಹತ್ತತದೇನು? ಇದು ಬರೇ ಮಂಜಲ್ಲ ಸುವರ್ಣಾ. ಹೊಗಿನೂ ಮಂಜೂ ಕೂಡಿದ್ದು. ಸ್ಮಾಗ್ ಅಂತಾರ. ನಮ್ಮ ಸಾಲಿ ಪುಸ್ತಕದಾಗ ಹೊಗೆಮಂಜು ಅಂತ ಇತ್ತು."

"ಹೊಗಿ ಮ್ಯಾಲ ಹೋಗ್ತದಲ್ರಿ? ಕೆಳಗ್ಯಾಕ ಕುಂತದ?"

ಆಪಾಗೆ ಇಷ್ಟೇ ಸಾಕು. ಒದ್ದೆ ಬಟ್ಟೆ ಗೋಡೆಯ ಮೇಲಿಟ್ಟರು.

"ಬಿಸಲಿದ್ದಾಗ ನೆಲ ಕಾಯ್ತದ. ನೆಲದ ಮ್ಯಾಲಿನ ಗಾಳಿ ಕಾದು ಹಗುರ ಆಗಿ ಮ್ಯಾಲ ಏಳ್ತದ, ಹೊಗಿನೂ ಹೊತ್ಕೊಂಡು ಹೋಗ್ತದ. ಥಂಡ್ಯಾಗ ಉಲ್ಟಾ. ರಾತ್ರಿ ನೆಲ ಜಲ್ದಿ ಆರ್ತದ. ನೆಲಕ್ಕ ಹತ್ತಿದ ಗಾಳಿ ಥಂಡಾ ಆಗಿ ಭಾರ ಆಗ್ತದ. ಅದರ ಮ್ಯಾಲಿಂದು ಬಿಸಿ, ಹಗುರ. ಭಾರಂದು ತಳದಾಗ ಕುಂತದ, ಹಗುರಂದು ಮ್ಯಾಲ ಮುಚ್ಚಳ ಆಗ್ಯಾದ. ಹೊಗಿ ಎದ್ದು ಮುಚ್ಚಳದ ತನಕ ಹೋಗ್ತದ, ಅಲ್ಲೇ ಅಡ್ಡಕ್ಕ ಹರಡ್ತದ. ಗಡಗಿ ಮುಚ್ಚಿ ಒಲಿ ಹಚ್ಚಿದಂಗ."

ಆ ಹೊಗೆಯ ಒಂದೊಂದು ಕಣಕ್ಕೂ ಗಾಳಿಯಲ್ಲಿನ ತೇವ ಅಂಟಿಕೊಂಡು ಸಣ್ಣ ಹನಿಯಾಗುತ್ತದಂತೆ. ಅಂಥ ಹನಿಗಳು ಲೆಕ್ಕವಿಲ್ಲದಷ್ಟು ಕೂಡಿದರೆ ಬೆಳ್ಳಗೆ ಕಾಣುತ್ತದಂತೆ. ಮಧ್ಯಾಹ್ನ ಬಿಸಿಲು ಬಿದ್ದಾಗ ಗಾಡಿಗಳ ಹೊಗೆ ಅದೇ ಬಿಸಿಲಿನಲ್ಲಿ ಮಾರ್ಪಟ್ಟು ಇನ್ನೊಂದು ಕೆಟ್ಟ ಗಾಳಿಯಾಗುತ್ತದಂತೆ. ಬೆಳ್ಳಗಿನದು ಕರಗಿದ ಮೇಲೂ ಕಣ್ಣಿಗೆ, ಗಂಟಲಿಗೆ ಖಾರ ಹತ್ತುವುದು ಅದಕ್ಕೇ ಎಂದರು.

"ಯಾರ ಹೊಗಿರಿ ಇದು?"

"ಎಲ್ಲಾರದು. ಹೊಲದ್ದು, ಇಟ್ಟಂಗಿ ಭಟ್ಟಿದು, ಗಾಡಿದು, ಕಾರ್ಖಾನಿದು, ಮೂಲ್ಯಾಗ ಕಸ ಸುಡೋರದು. ಗಾಳಿ ಬಿಟ್ರ ಬಸ್, ಎಲ್ಲಾ ಸಾಫ್. ಗಾಳಿ ಬಿಡವಲ್ದು."

ನಾನು ಕೆಳಗಿಳಿದು ಬಂದು ಅಕ್ಕನಿಗೆ ಹೇಳಿದೆ. ಅವರು ಗೋಡೆಗೆ ಆತುಕೊಂಡು ಕೂತಿದ್ದರು. ಆಗಲೇ ಅವರು ಮಲಗಿ ನಿದ್ದೆ ಮಾಡುವುದು ನಿಂತಿತ್ತು. ಬೆನ್ನಿಗೆ ಎರಡು ದಿಂಬು ಕೊಟ್ಟು ಕೂತೇ ರಾತ್ರಿ ತೆಗೆಯುತ್ತಿದ್ದರು.

ದವಾಖಾನೆಗೆ ಕರೆದೊಯ್ದೆ. ಡಾಕ್ಟರಬಾಯಿ ಸಣ್ಣ ವಯಸ್ಸಿನವರು, ಸಮಾಧಾನದಿಂದ ಕೇಳುವವರು. ಎದೆಗೆ ಕೊಳವೆ ಇಟ್ಟು ನೋಡಿ, ಬಾಯಿಗೆ ಹೊಡೆದುಕೊಳ್ಳುವ ಪಂಪು ಬದಲಿಸಿದರು.

"ಮುಂಜಾನಿ ಹೊರಗ ಬಿಡಬ್ಯಾಡ್ರಿ. ಹೊಗಿ ಇರೋ ತನಕ ಖಿಡಕಿ ಮುಚ್ಚೇ ಇರ್ಲಿ. ಮನ್ಯಾಗ ಹೊಗಿ ಅದ ಏನ್ರಿ?"

"ಇಲ್ರಿ, ಗ್ಯಾಸ ಅದರಿ."

"ಬೀಡಿ, ಸಿಗರೇಟು ಯಾರರ ಸೇದ್ತಾರ?"

"ಯಾರೂ ಇಲ್ರಿ."

ಎರಡೂ ಸುಳ್ಳಲ್ಲ. ಒಲೆಯದು ಹೊಗೆ, ಬೀಡಿಯದು ಹೊಗೆ, ಹೊಲದ್ದು ಹೊಗೆ. ಧೂಪ ಧೂಪವೇ. ಅದನ್ನು ಹೊಗೆಯ ಸಾಲಿನಲ್ಲಿ ನಿಲ್ಲಿಸುವ ಯೋಚನೆಯೇ ನನ್ನ ತಲೆಗೆ ಬರಲಿಲ್ಲ. ಅಕ್ಕ ನನ್ನ ಕಡೆ ಒಮ್ಮೆ ನೋಡಿದರು.

ಮನೆಗೆ ಬಂದು ಕಿಟಕಿಗಳನ್ನೆಲ್ಲ ಮುಚ್ಚಿದೆ. ಬಾಗಿಲಿನ ಸಂದಿಗೆ ಹಳೆ ಸೀರೆ ತುರುಕಿದೆ. ಅದೇ ಸಂಜೆ ಹರಕೆ ಹೊತ್ತೆ. ಇಪ್ಪತ್ತೊಂದು ದಿನ, ಎರಡೂ ಹೊತ್ತು, ಅಕ್ಕನ ಉಸಿರಿಗಾಗಿ ವಿಶೇಷ ಧೂಪ. ಹರಕೆ ಯಾರ ಹೆಸರಿನಲ್ಲೋ ಅವರು ಎದುರಿಗಿರಬೇಕು, ಪ್ರತಿ ಸಲ ಅದರ ಬೂದಿ ಹಣೆಗೆ ಹಚ್ಚಿಸಿಕೊಳ್ಳಬೇಕು, ನಡುವೆ ಒಂದು ಹೊತ್ತೂ ತಪ್ಪಬಾರದು. ನಮ್ಮ ತಾಯಿ ಹಾಗೆ ಮಾಡುತ್ತಿದ್ದರು. ನಾನು ಕೆಂಡಕ್ಕೆ ಸಗಣಿಯ ಕುಳ್ಳಿನ ತುಂಡನ್ನೂ ಸೇರಿಸಿದೆ, ಬಹಳ ಹೊತ್ತು ಉರಿಯಲಿ ಎಂದು. ಅಕ್ಕ ಕೆಮ್ಮಿದಷ್ಟೂ ಒಂದು ಚಿಟಿಕೆ ಲೋಬಾನ ಹೆಚ್ಚಿಗೆ ಹಾಕಿದೆ.

"ಇವತ್ತ ನಿನ್ನ ದೇವ್ರ ಮುಖಾನೇ ಕಾಣವಲ್ದಲ್ಲ ಸುವರ್ಣಾ," ಎಂದರು ಒಂದು ಸಂಜೆ.

"ಹರಕಿ ಅದರಿ ಅಕ್ಕಾ. ಹಂಗೆಲ್ಲ ಅನ್ಬ್ಯಾಡ್ರಿ." ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು. ಇವರಿಗಾಗಿ ಮಾಡುತ್ತಿದ್ದರೆ ಇವರಿಗೇ ನಗೆ ಎಂದುಕೊಂಡೆ.

ಹನ್ನೆರಡನೆಯ ದಿನ ಔರಾದದಿಂದ ನನ್ನ ತಮ್ಮ ಶಿವರಾಜ ಜೀಪು ತಂದ. ಫೋನಿನಲ್ಲಿ ಅಕ್ಕನ ಕೆಮ್ಮು ಕೇಳಿ, ಯಾರಿಗೂ ಹೇಳದೆ ಹೊರಟು ಬಂದಿದ್ದ. ನನ್ನ ತವರಿನ ಮನೆ ಔರಾದದ ಹೊರಗೆ, ಹೊಲದ ದಂಡೆಗೆ.

"ನಮ್ಮ ಕಡಿ ಹೊಗಿ ಇಲ್ಲಂತಲ್ಲ, ಇಷ್ಟಿಲ್ಲ," ಎಂದ. "ಸಂಕ್ರಾಂತಿ ತನಕ ಅಲ್ಲೇ ಇರ್ಲಿ. ಬಿಸಲಾಗ ಖಾಟ ಹಾಕಿಕೊಡ್ತೇನಿ. ಏನ್ರಿ ಮಹಾನಂದಕ್ಕಾ?"

ಯಾರ ಮನೆಗೂ ಹೋಗದ ಅಕ್ಕ ಅಂದು ಇಲ್ಲ ಎನ್ನಲಿಲ್ಲ. ಅವನು ಚಹಾ ಕುಡಿಯುವಷ್ಟರಲ್ಲಿ ಎರಡು ಸೀರೆ, ಪಂಪು, ಕನ್ನಡಕ ಚೀಲಕ್ಕೆ ಹಾಕಿಕೊಂಡು ಮಂಚದ ತುದಿಗೆ ಕೂತಿದ್ದರು. ಅದನ್ನು ನೋಡಿಯೂ ನಾನು ಹೇಳಿದೆ.

"ಇನ್ನ ಒಂಬತ್ತೇ ದಿನ ಅದ ಶಿವರಾಜ. ಹರಕಿ ಮುಗೀಲಿ. ಅರ್ಧಕ್ಕ ಬಿಟ್ರ ಚಲೋ ಅಲ್ಲ."

"ಸುವಕ್ಕಾ, ದೇವ್ರು ಔರಾದಕ್ಕ ಬರಲ್ಲೇನು?"

"ನಿನಗ ತಿಳಿಯಲ್ಲ, ಸುಮ್ಕಿರು."

ಅಕ್ಕ ಚೀಲದಿಂದ ಸೀರೆ ತೆಗೆದರು. ಒಂದನ್ನು ಮಡಚಿದರು, ಇನ್ನೊಂದನ್ನು ಮಡಚಿದರು. "ಆತು. ಒಂಬತ್ ದಿನ ಆದ ಮ್ಯಾಲ ಬಾಪ್ಪಾ ಶಿವರಾಜ," ಎಂದರು. ಅವನಿಗೆ ರೊಟ್ಟಿಗೆಂದು ಡಬ್ಬಿಯಲ್ಲಿ ಶೇಂಗಾ ಹಿಂಡಿ ಕಟ್ಟಿಕೊಟ್ಟು ಕಳಿಸಿದೆ. ಜೀಪು ಆ ಬೆಳ್ಳಗಿನ ಹೊಗೆಮಂಜಿನಲ್ಲಿ ಹತ್ತು ಮಾರು ಹೋದದ್ದು ಕಂಡಿತು. ಆಮೇಲೆ ಅದರ ಸಪ್ಪಳ ಮಾತ್ರ.

ಹದಿನೇಳನೆಯ ದಿನ ಬೆಳಿಗ್ಗೆ, ಧೂಪ ಮುಗಿದು ಸ್ವಲ್ಪ ಹೊತ್ತಿಗೆ, ಅಕ್ಕನಿಗೆ ಮಾತು ನಿಂತಿತು. ತುಟಿ ನೀಲಿಯಾಯಿತು. ನಮ್ಮ ಮನೆಯವರು ಕೆಲಸಕ್ಕೆ ಹೋಗಿದ್ದರು. ನಸೀಮಾ ಆಪಾ ಬರಿಗಾಲಲ್ಲಿ ಓಡಿ ಆಟೋ ತಂದರು. ಆಟೋ ಸಿಕ್ಕಿತು, ದವಾಖಾನೆಯಲ್ಲಿ ಹಾಸಿಗೆ ಸಿಕ್ಕಿತು, ಆಕ್ಸಿಜನ್ ಇತ್ತು. ಮೂರನ್ನೂ ನಾನು ದೇವರ ಲೆಕ್ಕಕ್ಕೇ ಹಾಕಿದೆ. ನಾಲ್ಕು ದಿನದಲ್ಲಿ ಅಕ್ಕ ಚೇತರಿಸಿಕೊಂಡರು. ಅಂಗನವಾಡಿಯ ಮಕ್ಕಳಿಗೆ ಹೇಳುತ್ತಿದ್ದ ಹಾಡನ್ನು ಪಕ್ಕದ ಹಾಸಿಗೆಯ ಮುದುಕಿಗೆ ಹೇಳಿ ನಗಿಸಿದರು. ಐದನೆಯ ದಿನ ಮನೆಗೆ ಕಳಿಸಿದರು.

ಹರಕೆ ತಪ್ಪಿತ್ತಲ್ಲ, ಆ ದಿನಗಳದನ್ನೂ ಸೇರಿಸಿ ತೀರಿಸೋಣ ಎಂದು ಮರುದಿನ ಬೆಳಿಗ್ಗೆ ಎರಡು ಧೂಪಾರತಿ ಹಚ್ಚಿದೆ.

ಅಂದು ಬಿಸಿಲು ಸ್ವಲ್ಪ ಬೇಗ ಬಂತು. ಗೋಡೆಯ ಮೇಲಿನ ಬೆಳಕಿಂಡಿಯ ಗಾಜಿನಿಂದ ಒಂದು ಬಿಸಿಲುಕೋಲು ನಡುಮನೆಗೆ ಬಿತ್ತು. ಆ ಬೆಳಕಿನಲ್ಲಿ ನೋಡಿದೆ. ಹೊಗೆ ಮೇಲೆ ಹೋಗಿರಲಿಲ್ಲ. ನನ್ನ ಎದೆಯ ಎತ್ತರಕ್ಕೆ, ಹಾಸಿದ ಚಾದರದಂತೆ, ಕೋಣೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಸಮನಾಗಿ ನಿಂತಿತ್ತು. ಅಲ್ಲಾಡುತ್ತಿರಲಿಲ್ಲ. ತಣ್ಣನೆಯ ನೆಲ, ಮುಚ್ಚಿದ ಕಿಟಕಿ, ಸೀರೆ ತುರುಕಿದ ಬಾಗಿಲು, ಗಾಳಿಯಿಲ್ಲ. ಆಪಾ ಊರಿನ ಮೇಲೆ ತೋರಿಸಿದ್ದು ನನ್ನ ನಡುಮನೆಯಲ್ಲಿತ್ತು. ಮಂಚದ ಮೇಲೆ ಕೂತಿದ್ದ ಅಕ್ಕನ ತಲೆ ಸರಿಯಾಗಿ ಅದರೊಳಗಿತ್ತು. ಕಣ್ಣು ಮುಚ್ಚಿದ್ದರು, ಬಾಯಿ ತೆರೆದಿತ್ತು.

ಎರಡೂ ಧೂಪಾರತಿಯನ್ನು ಬಚ್ಚಲಿಗೆ ಒಯ್ದು ನೀರು ಸುರಿದೆ. ಬದುಕಿನಲ್ಲಿ ಮೊದಲ ಸಲ. ಕಿಟಕಿ ತೆರೆದರೆ ಹೊರಗೂ ಅದೇ ಇತ್ತು. ಮಧ್ಯಾಹ್ನದೊಳಗೆ ಅಕ್ಕ ಮತ್ತೆ ದವಾಖಾನೆಯಲ್ಲಿದ್ದರು.

ಮರುದಿನ ಅವರಿಗೆ ಸ್ವಲ್ಪ ಮಾತಾಡಲು ಬಂದಾಗ ಕೇಳಿದೆ. "ಅಕ್ಕಾ, ನನ್ನ ಧೂಪದಿಂದ ತ್ರಾಸ ಆಗ್ತಿತ್ತೇನ್ರಿ?"

ಅವರು ಮಾಸ್ಕು ಸರಿಸಿದರು. "ಆಗ್ತಿತ್ತು."

"ಮತ್ತ ಹೇಳಬಾರದಾಗಿತ್ತೇನ್ರಿ?"

"ಹೇಳಿದ್ನಲ್ಲ."

"ಚ್ಯಾಷ್ಟಿ ಮಾಡ್ಲತ್ತೀರಿ ಅಂದ್ಕೊಂಡೆರಿ."

"ಚ್ಯಾಷ್ಟಿನೇ ಮಾಡ್ಬೇಕಲ್ಲವ್ವ." ಒಂದೊಂದು ಮಾತಿಗೂ ನಿಂತು ಉಸಿರು ತೆಗೆದುಕೊಂಡರು. "ತಮ್ಮನ ಮನ್ಯಾಗ ಉಣ್ಕೋತ ಕುಂತಾಕಿ. ನಿನ್ನ ಜಗಲಿ ಮುಂದ ಧೂಪ ಹಾಕಬ್ಯಾಡಂತ ಹ್ಯಾಂಗ ಅನ್ಲಿ? ಅದೂ ನನ್ನ ಸಲುವಾಗೇ ಹಾಕ್ತಿದ್ದಿ."

ಮಾಸ್ಕು ಮತ್ತೆ ಮೂಗಿಗೆ ಎಳೆದುಕೊಂಡರು. ನಾನು ಅವರ ಕಾಲ ಬಳಿ ಕೂತೆ. ಅವರು ಕಾಲಿನಿಂದಲೇ ನನ್ನ ಕೈಯನ್ನು ಮೆಲ್ಲಗೆ ದೂಡಿದರು, ಎದ್ದು ಹೋಗಿ ಏನಾದರೂ ತಿನ್ನು ಎನ್ನುವ ಹಾಗೆ.

ನಮ್ಮ ಮನೆಯವರಿಗೆ ಅಲ್ಲೇ ಹೊರಗೆ ನಿಂತು ಹೇಳಿದೆ. "ಹೂಂ," ಎಂದರು. ಹೋಗಿ ಚಹಾ ತಂದುಕೊಟ್ಟರು. ಇವತ್ತಿನವರೆಗೂ ಆ ಮಾತು ಎತ್ತಿಲ್ಲ. ಡಾಕ್ಟರಬಾಯಿಗೆ ಹೇಳಲು ಬಾಯಿ ಬರಲಿಲ್ಲ. ಅವರು ದಿನಾ ಎರಡು ಸಲ ಬರುತ್ತಿದ್ದರು, ನಾನು ಎರಡು ಸಲವೂ ನೆಲ ನೋಡುತ್ತಿದ್ದೆ.

ಈ ಸಲ ಶಿವರಾಜ ಬಂದು ದವಾಖಾನೆಯಿಂದಲೇ ಅಕ್ಕನನ್ನು ಔರಾದಕ್ಕೆ ಒಯ್ದ. ಹರಕೆ ಹಾಗೇ ಬಿಟ್ಟೆ. ಮೂರನೆಯ ದಿನ ತಮ್ಮನ ಹೆಂಡತಿ ಫೋನು ಮಾಡಿ, "ಅಡ್ಡಾಗಿ ಮಲಗ್ಯಾರರಿ, ಚಲೋ ನಿದ್ದಿ ಹತ್ತ್ಯಾದ," ಎಂದಳು. ನಂಬದೆ ನಾನೇ ಬಸ್ಸು ಹತ್ತಿ ಹೋದೆ. ಅಂಗಳದ ಬಿಸಿಲಿನಲ್ಲಿ, ಖಾಟದ ಮೇಲೆ, ಕೈಯನ್ನು ಕೆನ್ನೆಯ ಕೆಳಗಿಟ್ಟುಕೊಂಡು ಮಗ್ಗುಲಾಗಿ ಮಲಗಿದ್ದರು. ತಿಂಗಳ ಮೇಲಾಗಿತ್ತು ಅವರು ಮಲಗಿದ್ದನ್ನು ನೋಡಿ. ಎಬ್ಬಿಸದೆ, ಅವರ ಉಸಿರು ಏರಿಳಿಯುವುದನ್ನು ನೋಡಿ ಮಧ್ಯಾಹ್ನದ ಬಸ್ಸಿಗೆ ತಿರುಗಿ ಬಂದೆ.

ಹಾಗೆ ಹದಿನಾಲ್ಕು ದಿನ ಮಲಗಿ ನಿದ್ದೆ ಮಾಡಿದರು. ಆಮೇಲೆ ಒಂದು ಮಧ್ಯಾಹ್ನ ಜೋಳದ ಗಂಜಿ ಕುಡಿದು, ಸಾಕು ಎಂದು ಬಟ್ಟಲು ಕೊಟ್ಟು, ಮಲಗಿದವರು ಏಳಲಿಲ್ಲ. ಎದೆ ಮೊದಲೇ ಸೋತಿತ್ತು ಎಂದರು ಅಲ್ಲಿನ ಡಾಕ್ಟರು. ಒಬ್ಬರೇ ಇರಲಿಲ್ಲ, ಹಗಲಿತ್ತು, ಒದ್ದಾಡಲಿಲ್ಲ. ನಾನು ಇವನ್ನು ಎಣಿಸುತ್ತೇನೆ.

ಭಾಲ್ಕಿಗೆ ತಂದು ಮಣ್ಣು ಮಾಡಿದೆವು. ಅವರ ಅಂಗನವಾಡಿಯಲ್ಲಿ ಕೂತೆದ್ದವರು ಎಷ್ಟೋ ಮಂದಿ, ಈಗ ಮೀಸೆ ಬಂದವರು, ಮಕ್ಕಳನ್ನು ಎತ್ತಿಕೊಂಡವರು, ಬಂದಿದ್ದರು. ಹೆಣ್ಣುಮಕ್ಕಳು ನನ್ನ ಕೈ ಹಿಡಿದು ಹೇಳಿದರು. "ನೀ ಮಾಡಿದಂಥ ಸೇವಾ ಯಾರು ಮಾಡ್ತಾರ? ಎರಡೂ ಹೊತ್ತು ಧೂಪ ಹಾಕಿ ನೋಡ್ಕೊಂಡಿದ್ದಿ ಅಂತ ಅವರೇ ಫೋನ್ನಾಗ ಹೇಳ್ತಿದ್ರು."

ಅವರೇ ಹೇಳುತ್ತಿದ್ದರಂತೆ. ಆ ಹೊಗಳಿಕೆಯನ್ನು ಹೊತ್ತುಕೊಂಡೇ ಮನೆಗೆ ಬಂದೆ. ಆ ವಾರ ಗಾಳಿ ಬಿಟ್ಟಿತು. ಊರೆಲ್ಲ ತೊಳೆದಿಟ್ಟ ಹಾಗೆ ಕಂಡಿತು. ನಾನು ಪೂಜೆಗೆ ಹೂವು, ನೀರು ಇಷ್ಟೇ ಇಟ್ಟು, ಬಾಗಿಲು ಹಾಕಿಕೊಂಡು ದವಾಖಾನೆಗೆ ಹೋದೆ.

ಡಾಕ್ಟರಬಾಯಿಯ ಕೋಣೆಯ ಹೊರಗೆ ಸಾಲಿತ್ತು. ಸಾಲಿನಲ್ಲೇ ನಿಂತು ಒಳಗೆ ಹೋದೆ. ನಿಂತುಕೊಂಡೇ ಹೇಳಿದೆ. "ಮನ್ಯಾಗ ಹೊಗಿ ಅದ ಏನು ಅಂತ ಕೇಳಿದ್ರಿ. ಇಲ್ಲಂತ ಅಂದಿದ್ದೆರಿ. ಇತ್ತುರಿ." ಧೂಪ, ಲೋಬಾನ, ಕುಳ್ಳು, ಮುಚ್ಚಿದ ಕಿಟಕಿ, ತಿರುಗಿ ಕಳಿಸಿದ ಜೀಪು, ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು.

"ನನ್ನ ಧೂಪದಿಂದೇ ಹೋದ್ರೇನ್ರಿ ಅವರು?"

"ಅದರಿಂದೇ ಅಂತ ಹೇಳಾಕ ಬರಲ್ಲರಿ. ಹೊರಗಿಂದಿತ್ತು, ಒಳಗಿಂದಿತ್ತು, ದಮ್ಮು ಹಳೇದಿತ್ತು. ಯಾವುದು ಎಷ್ಟು ಅಂತ ಬಿಡಿಸಿ ತೋರಿಸಾಕ ಆಗಲ್ಲ." ಪೆನ್ನು ಮತ್ತೆ ಕೈಗೆ ತೆಗೆದುಕೊಂಡು, "ಒಳಗಿಂದು ನಿಲ್ಲಿಸಬಹುದಿತ್ತು," ಎಂದರು.

ಅಷ್ಟು ನೆಟ್ಟಗೆ ಹೇಳಿದ್ದಕ್ಕೆ ನಾನು ಅವರಿಗೆ ಕೈ ಮುಗಿದೆ.

"ಒಂದ್ ಮಾತರಿ ಬಾಯಾರ. ನನ್ನಂಥಾಕಿ ಬಂದ್ರ ಹೊಗಿ ಅದ ಏನು ಅಂತ ಕೇಳಬ್ಯಾಡ್ರಿ. ಇಲ್ಲಂತೇ ಅಂತೇವಿ. ದೇವ್ರ ಮುಂದ ಏನೇನು ಹಚ್ತೀರಿ ಅಂತ ಕೇಳ್ರಿ."

ಅವರು ತಲೆಯಾಡಿಸಿದರು. ನನ್ನ ಹಿಂದೆಯೇ ಒಬ್ಬ ಮುದುಕರು ಸೊಸೆಯ ಹೆಗಲು ಹಿಡಿದು ಒಳಗೆ ಬಂದರು. ಎದೆಯಿಂದ ಸುಂಯ್ ಸುಂಯ್ ಸಪ್ಪಳ ಬರುತ್ತಿತ್ತು. ನಾನು ಬಾಗಿಲ ಕಡೆ ಸರಿದು ಅವರಿಗೆ ದಾರಿ ಬಿಟ್ಟೆ. ಡಾಕ್ಟರಬಾಯಿ ಅವರನ್ನು ಕೂಡಿಸಿ, ಸೊಸೆಯ ಕಡೆ ತಿರುಗಿ ಕೇಳಿದರು.

"ದೇವ್ರ ಮುಂದ ಏನೇನು ಹಚ್ತೀರಿ ತಂಗಿ?"

ಆಕೆ ಇದೆಂಥ ಪ್ರಶ್ನೆ ಎಂಬಂತೆ ನೋಡಿದಳು. ಮಾವನ ಮುಖ ನೋಡಿದಳು. ಆಮೇಲೆ ಒಂದೊಂದಾಗಿ ಹೇಳತೊಡಗಿದಳು.